ಮಂಡಿನೋವಿನ ಮಾತ್ರೆಗೂ ಸಮಪಾಲು

ದೇವರ ಮುಂದೆ ಕುರ್ಚಿ ಹಾಕಿಕೊಂಡು ಕೂರುವವರನ್ನು ಕಂಡರೆ ಒಂದು ಕಾಲದಲ್ಲಿ ನನಗೆ ಮೈ ಉರಿಯುತ್ತಿತ್ತು. ಮಂಡಿ ಮಡಿಸಲು ಸೋಮಾರಿತನ ಎಂದುಕೊಳ್ಳುತ್ತಿದ್ದೆ. ಇಂಥ ಮಾತನ್ನೆಲ್ಲ ದೇವರು ಕೇಳಿಸಿಕೊಂಡು ಸುಮ್ಮನಿರುತ್ತಾನೆ, ಆಮೇಲೆ ಬಿಡುವು ಮಾಡಿಕೊಂಡು ಉತ್ತರ ಕೊಡುತ್ತಾನೆ. ನನಗೆ ಕೊಟ್ಟ ಉತ್ತರ ನೇರವಾಗಿ ಎರಡು ಮಂಡಿಗೂ ಬಂತು. ನೆಲದ ಮೇಲೆ ಕೂತರೆ ಏಳಲು ಬಾಗಿಲ ಚೌಕಟ್ಟು ಹಿಡಿಯಬೇಕು, ಚೌಕಟ್ಟು ಕೈಗೆ ಸಿಗದಿದ್ದರೆ ಯಜಮಾನರನ್ನು ಕೂಗಬೇಕು. ಯಜಮಾನರೋ ಟೀವಿಯ ಸುದ್ದಿ ಮುಗಿಯದೆ ಏಳುವವರಲ್ಲ, ಈಗಿನ ಕಾಲದ ಸುದ್ದಿ ಮುಗಿಯುವುದೂ ಇಲ್ಲ. ಕೊನೆಗೆ ನಾನೂ ದೇವರ ಮನೆಗೆ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದೆ. ನಮ್ಮ ಮನೆಯ ದೇವರ ಮಂಟಪ ಗಿಡ್ಡ. ಕುರ್ಚಿಯಲ್ಲಿ ಕೂತರೆ ವೆಂಕಟರಮಣನ ನೆತ್ತಿಯನ್ನು ಮೇಲಿನಿಂದ ನೋಡಿಕೊಂಡು ಸ್ತೋತ್ರ ಹೇಳಬೇಕು, ಮಗುವಿಗೆ ತಲೆ ಬಾಚುವವಳ ಹಾಗೆ. ಆದರೂ ಕೂತುಕೊಂಡಾದರೂ ಹೇಳಿಸುತ್ತಿದ್ದೀಯಲ್ಲಪ್ಪ, ಮಲಗಿಸಿ ಹೇಳಿಸಲಿಲ್ಲವಲ್ಲ ಎಂದು ಕೈ ಮುಗಿದೆ. ಅದು ನನ್ನ ಅಭ್ಯಾಸ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೈ ಮುಗಿಯುತ್ತೇನೆ, ನೆಂಟರು ಊಟ ಮುಗಿಸುವ ತನಕ ಗ್ಯಾಸ್ ಉಳಿದರೂ ಮುಗಿಯುತ್ತೇನೆ. ಆದರೆ ಮನಸ್ಸಿನೊಳಗೆ ಒಂದು ಆಸೆ ಮಾತ್ರ ಕೂತೇ ಇತ್ತು: ನೆಲದ ಮೇಲೆ ಮಣೆ ಹಾಕಿಕೊಂಡು ಕೂರಬೇಕು, ಪೂಜೆ ಮುಗಿಸಬೇಕು, ಯಾರನ್ನೂ ಕೂಗದೆ ಏಳಬೇಕು.

ಈ ಆಸೆಯೇ ನನ್ನನ್ನು ವೈದ್ಯಕೀಯ ಸಂಶೋಧನೆಯ ತನಕ ಕರೆದುಕೊಂಡು ಹೋಯಿತು. ನನ್ನನ್ನು ಎಂದರೆ ನಮ್ಮಿಬ್ಬರನ್ನು. ಇನ್ನೊಬ್ಬರು ರತ್ನಕ್ಕ, ನನ್ನ ವಾರಗಿತ್ತಿ, ಯಜಮಾನರ ಅಣ್ಣನ ಹೆಂಡತಿ. ದೊಡ್ಡಬೆಳವಂಗಲದಲ್ಲಿ ನಮ್ಮದು ಮೊದಲು ಒಂದೇ ಮನೆ. ಪಾಲಾದಾಗ ನಡುವೆ ಗೋಡೆ ಎದ್ದಿತು, ಗೋಡೆಯಲ್ಲಿ ಸಾರಿನ ಪಾತ್ರೆ ಹಿಡಿಸುವಷ್ಟು ಒಂದು ಕಿಟಕಿ ಉಳಿಯಿತು. ಆ ಕಿಟಕಿ ನಮ್ಮ ಅತ್ತೆಯ ಕೊಡುಗೆ. ಇಬ್ಬರು ಸೊಸೆಯರಿಗೂ ಸಮಪಾಲು ಎನ್ನುವುದು ಅವರ ಧರ್ಮ. ಹಬ್ಬದಲ್ಲಿ ಒಂದೇ ಒಂದು ಹೋಳಿಗೆ ಉಳಿದರೂ ಮುರಿದು, ಎರಡು ತುಂಡನ್ನೂ ಎರಡು ಅಂಗೈಯಲ್ಲಿಟ್ಟು ತೂಗಿ, ಭಾರವಾದ ಕಡೆಯಿಂದ ಚಿಟಿಕೆ ಹೂರಣ ತೆಗೆದು ತಾವು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಎರಡು ಕಡೆಯೂ ಸರಿಯಾಗುವಷ್ಟರಲ್ಲಿ ಅವರಿಗೆ ಅರ್ಧ ಹೋಳಿಗೆ ಆಗಿರುತ್ತಿತ್ತು. ನ್ಯಾಯ ಮಾಡುವವರಿಗೆ ಅಷ್ಟಾದರೂ ಬೇಡವೇ? ಅತ್ತೆ ಹೋಗಿ ವರ್ಷಗಳಾದವು, ಧರ್ಮ ಹೋಗಿಲ್ಲ. ಮಂಡಿನೋವು ಕೂಡ ಇಬ್ಬರಿಗೂ ಸಮನಾಗಿಯೇ ಬಂತು. ವ್ಯತ್ಯಾಸವೆಂದರೆ ನನ್ನ ಮಂಡಿ ಸುಮ್ಮನೆ ನೋಯುತ್ತದೆ, ರತ್ನಕ್ಕನದು ಬೀದಿಗೆಲ್ಲ ಕೇಳಿಸುವಂತೆ ನೋಯುತ್ತದೆ.

ದೊಡ್ಡಬಳ್ಳಾಪುರದ ಕಡೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಂಡಿನೋವಿನ ಹೊಸ ಮಾತ್ರೆಯ ಸ್ಟಡಿ ನಡೆಯುತ್ತಿದೆ ಎಂದು ತಿಳಿದು ಇಬ್ಬರೂ ಹೊರಟೆವು. ಆ ಆಸ್ಪತ್ರೆಗೆ ಹೋದ ಮೇಲೆಯೇ ನನಗೆ ಗೊತ್ತಾದದ್ದು, ಡಾಕ್ಟರುಗಳು ಔಷಧಿ ಕೊಡುವುದರ ಜೊತೆಗೆ ಓದುವುದನ್ನೂ ನಿಲ್ಲಿಸಿಲ್ಲ ಎಂದು. ಒಂದೊಂದು ವಿಭಾಗದ ಬಾಗಿಲಲ್ಲೂ ಒಂದೊಂದು ಸ್ಟಡಿ. ಕಣ್ಣಿನವರು ಪೊರೆ ಬಂದವರನ್ನು ಹುಡುಕುತ್ತಿದ್ದರು, ಹೃದಯದವರು ಬೀಪಿ ಇದ್ದವರನ್ನು, ಹೊಟ್ಟೆಯವರು ಎದೆಯುರಿ ಇದ್ದವರನ್ನು. ಚರ್ಮದವರು ರತ್ನಕ್ಕನ ಒಡೆದ ಹಿಮ್ಮಡಿಯನ್ನು ಒಂದು ಆಸೆಗಣ್ಣಿನಿಂದ ನೋಡಿದರು. "ನೋಡೇ ಸರೋಜಾ, ಮನೇಲಿ ಯಾರೂ ತಿರುಗಿ ನೋಡ್ದಿರೋ ಕಾಲಿಗೆ ಇಲ್ಲಿ ಎಷ್ಟು ಬೆಲೆ!" ಎಂದರು ರತ್ನಕ್ಕ. ನಾನು ಅವರ ಸೆರಗು ಹಿಡಿದು ಎಳೆದುಕೊಂಡು ಬರದಿದ್ದರೆ ನೆತ್ತಿಯಿಂದ ಅಂಗಾಲಿನ ತನಕ ಎಲ್ಲ ಸ್ಟಡಿಗೂ ಸೇರಿಕೊಂಡು ಬರುತ್ತಿದ್ದರು.

ಮಂಡಿಯ ಡಾಕ್ಟರಮ್ಮ ಚಿಕ್ಕ ಹುಡುಗಿ, ಇಲ್ಲೇ ಹತ್ತಿರದ ವಿಜಯಪುರದವಳು. ಅವರ ಮನೆಯಲ್ಲಿ ರೇಷ್ಮೆ ನೂಲು ಹುರಿ ಹಾಕುತ್ತಾರಂತೆ. ಮೊದಲು ಕೇಳಿದ್ದು, ನೋವಿಲ್ಲದಿದ್ದರೆ ಸೊನ್ನೆ, ತಡೆಯಲಾರದ ನೋವಿಗೆ ಹತ್ತು, ನಿಮ್ಮದು ಎಷ್ಟು ಎಂದು. ರತ್ನಕ್ಕ ಪ್ರಶ್ನೆ ಮುಗಿಯುವ ಮೊದಲೇ "ಹನ್ನೆರಡು" ಎಂದರು. ನನಗೆ ಕಷ್ಟವಾಯಿತು. ಜಾಸ್ತಿ ಹೇಳಿದರೆ ದೇವರಿಗೆ ಬೇಜಾರಾಗುತ್ತದೆ, ಇವಳಿಗೆ ಎಷ್ಟು ಕೊಟ್ಟರೂ ದೂರೇ ಎಂದುಕೊಂಡಾನು. "ಒಂದು ಎರಡು ಅಂತ ಬರ್ಕೊಳ್ಳಮ್ಮ" ಎಂದೆ. "ಎರಡಾದ್ರೆ ನೀವು ಈ ಸ್ಟಡಿಗೆ ಆಗಲ್ಲ ಆಂಟಿ, ನಿಮಗೆ ಅಷ್ಟು ನೋವಿಲ್ಲ ಅಂತ ಅರ್ಥ" ಎಂದಳು. ಸರಿ ಬಿಡು ಎಂದು ಕುರ್ಚಿಯಿಂದ ಎದ್ದೆ. ಎದ್ದೆ ಎನ್ನುವುದು ಹೆಚ್ಚಾಯಿತು. ಅರ್ಧ ಎದ್ದು "ಅಯ್ಯೋ ವೆಂಕಟರಮಣಾ" ಎಂದು ಅವಳ ಮೇಜನ್ನೇ ಹಿಡಿದುಕೊಂಡೆ. "ಈಗ ಎಷ್ಟು ಆಂಟಿ?" ಎಂದಳು ಹುಡುಗಿ. "ಈಗ ಎಂಟು ಕಣಮ್ಮ" ಎಂದೆ. ಹೀಗೆ ನನ್ನ ಮಂಡಿಯೇ ನನ್ನನ್ನು ಪಾಸು ಮಾಡಿಸಿತು.

ಆಮೇಲೆ ಅವಳು ಸಮಾಧಾನವಾಗಿ ವಿವರಿಸಿದಳು. ಕೆಲವರ ಸೀಸೆಯಲ್ಲಿ ನಿಜವಾದ ಔಷಧಿ ಇರುತ್ತದೆ, ಕೆಲವರ ಸೀಸೆಯಲ್ಲಿ ನೋಡಲು ಹಾಗೆಯೇ ಇರುವ, ಒಳಗೆ ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಅವಳಿಗೂ ಗೊತ್ತಿರುವುದಿಲ್ಲ. ರತ್ನಕ್ಕನಿಗೆ ಇದು ಸರಿ ಕಾಣಲಿಲ್ಲ. "ಕೊಡೋರ್ಗೇ ಗೊತ್ತಿಲ್ಲ ಅಂದ್ರೆ ಅದೆಂಥ ಡಾಕ್ಟ್ರು?" ಎಂದು ನನ್ನ ಕಿವಿಯಲ್ಲಿ ಕೇಳಿದರು. ರತ್ನಕ್ಕ ಕಿವಿಯಲ್ಲಿ ಹೇಳಿದ್ದು ಪಕ್ಕದ ಕಣ್ಣಿನ ವಿಭಾಗಕ್ಕೂ ಕೇಳಿಸುತ್ತದೆ. ಆದರೆ ನನಗೆ ತಟ್ಟನೆ ಹೊಳೆಯಿತು. ನೈವೇದ್ಯದ ಅಡುಗೆಯನ್ನು ನಾವು ರುಚಿ ನೋಡುತ್ತೇವೆಯೇ? ಉಪ್ಪು ಬಿತ್ತೋ ಇಲ್ಲವೋ ಮಾಡಿದವಳಿಗೂ ಗೊತ್ತಿರುವುದಿಲ್ಲ, ಮಂಗಳಾರತಿ ಆಗಿ ಎಲೆಗೆ ಬಡಿಸಿದ ಮೇಲೆಯೇ ತಿಳಿಯುವುದು. ಮೊದಲೇ ರುಚಿ ನೋಡಿದರೆ ಮಡಿ ಕೆಡುತ್ತದೆ. ಇದನ್ನು ಹೇಳಿದಾಗ ಡಾಕ್ಟರಮ್ಮ ನಕ್ಕು, "ಆಂಟಿ, ನಮ್ಮ ಪ್ರೊಫೆಸರ್ ಒಂದು ಗಂಟೆ ಪಾಠ ಮಾಡಿದ್ದನ್ನ ನೀವು ಒಂದೇ ಮಾತಲ್ಲಿ ಹೇಳಿಬಿಟ್ರಿ" ಎಂದಳು. ನಾನು ಉಬ್ಬಿ ಹೋದೆ. ಅಷ್ಟು ಉಬ್ಬಿದವಳು ಅವಳು ಕೊನೆಗೆ ಹೇಳಿದ ಮಾತನ್ನೂ ಸರಿಯಾಗಿ ಕೇಳಿಸಿಕೊಳ್ಳಬಹುದಿತ್ತು. "ಈ ಮಾತ್ರೆ ಬೇರೆ ಯಾರಿಗೂ ಕೊಡಬಾರದು" ಎಂದಿದ್ದಳು. ಕೇಳಿಸಿಕೊಂಡೆ, ಕೇಳಿಸಲಿಲ್ಲ ಎಂದಲ್ಲ. ಆದರೆ ರತ್ನಕ್ಕ ಬೇರೆಯವರು ಹೇಗಾಗುತ್ತಾರೆ?

ಒಂದೆರಡು ದಿನ ಎಲ್ಲ ಸರಿಯಿತ್ತು. ಆಮೇಲೆ ಕಿಟಕಿಯಲ್ಲಿ ರತ್ನಕ್ಕನ ಮುಖ ಕಾಣಿಸಿತು. "ಸರೋಜಾ, ಯಾಕೋ ಮಂಡಿ ಹಗುರಾಯ್ತು ಕಣೆ." ನನ್ನ ಮಂಡಿ ಇದ್ದ ಹಾಗೇ ಇತ್ತು. ಅಂದರೆ ರತ್ನಕ್ಕನದು ನಿಜದ ಮಾತ್ರೆ, ನನ್ನದು ಸಪ್ಪೆ ಮಾತ್ರೆ! ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಹುಟ್ಟಿದಾಗಿನಿಂದ ಆಕೆಯದು ಒಳ್ಳೆ ಅದೃಷ್ಟ. ಸೋರೆಬೀಜ ಇಬ್ಬರೂ ಒಂದೇ ದಿನ ಹಾಕಿದರೆ ಬಳ್ಳಿ ಗೋಡೆ ಹತ್ತಿ ಕಾಯಿ ಬಿಡುವುದು ಆಕೆಯ ಕಡೆಗೇ. ನಾನು ಅಸೂಯೆಪಡುವವಳಲ್ಲ, ಆದರೆ ಧರ್ಮ ಎನ್ನುವುದೊಂದಿದೆಯಲ್ಲ. "ಅಕ್ಕಾ, ಅತ್ತೆ ಇದ್ದಿದ್ರೆ ಏನ್ ಮಾಡ್ತಿದ್ರು?" ಎಂದು ಕೇಳಿದೆ. ರತ್ನಕ್ಕನ ದೊಡ್ಡ ಗುಣವನ್ನು ಇಲ್ಲಿ ಹೇಳಲೇಬೇಕು, ಮರುಮಾತಿಲ್ಲದೆ ತಮ್ಮ ಸೀಸೆಯನ್ನು ಕಿಟಕಿಯಿಂದ ಈಚೆಗೆ ಕೊಟ್ಟರು. ಏಲಕ್ಕಿ ಹಾಕಿಡುತ್ತಿದ್ದ ಸ್ಟೀಲ್ ಡಬ್ಬಿಯನ್ನು ಒರೆಸಿ, ಎರಡು ಸೀಸೆಯನ್ನೂ ಅದಕ್ಕೆ ಸುರಿದು, ಮುಚ್ಚಳ ಹಾಕಿ ಚೆನ್ನಾಗಿ ಅಲ್ಲಾಡಿಸಿ, ರಾತ್ರಿಯೆಲ್ಲ ದೇವರ ಮುಂದಿಟ್ಟು, ಬೆಳಿಗ್ಗೆ ದೀಪ ಹಚ್ಚಿ ಎರಡು ಪಾಲು ಮಾಡಿ ಮತ್ತೆ ಸೀಸೆಗಳಿಗೆ ತುಂಬಿದೆ. ಒಳ್ಳೆಯದೂ ಸಪ್ಪೆಯೂ ಇಬ್ಬರಿಗೂ ಅರ್ಧರ್ಧ. ಯಜಮಾನರು ನೋಡಿ, "ಇದೇನೇ, ಮಾತ್ರೇನ ಚಿತ್ರಾನ್ನದ ಥರ ಕಲಸ್ತಾ ಇದೀಯಾ?" ಎಂದರು. "ನಿಮಗೆ ನ್ಯಾಯ ಗೊತ್ತಾಗಲ್ಲ, ಸುದ್ದಿ ನೋಡಿ" ಎಂದೆ. ಅತ್ತೆ ಎಲ್ಲೇ ಇದ್ದರೂ ಕಣ್ಣು ತುಂಬಿಕೊಂಡಿರುತ್ತಾರೆ ಎಂದು ನನಗೆ ಖಾತ್ರಿಯಿತ್ತು.

ಮುಂದಿನ ತಿಂಗಳು ಉಳಿದ ಮಾತ್ರೆಯ ಸಮೇತ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ನನ್ನ ಸೀಸೆ ತೆರೆದವಳು ಮೂಗಿನ ಹತ್ತಿರ ಹಿಡಿದಳು. ರತ್ನಕ್ಕನದನ್ನು ತೆರೆದಳು, ಅದನ್ನೂ ಹಿಡಿದಳು. "ಆಂಟಿ, ಇದ್ಯಾಕೆ ಪಾಯಸದ ವಾಸನೆ ಬರ್ತಿದೆ?"

"ಏಲಕ್ಕಿ ಕಣಮ್ಮ" ಎಂದರು ರತ್ನಕ್ಕ, ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದವರ ಹಾಗೆ. "ಎರಡೂ ಒಂದೇ ಡಬ್ಬೀಲಿ ಹಾಕಿ ಸಮ ಮಾಡ್ಕೊಂಡ್ವಿ. ನಮ್ಮಲ್ಲಿ ಹಂಗೇ, ಎಷ್ಟೇ ಬಂದ್ರೂ ಇಬ್ರಿಗೂ ಸಮಪಾಲು. ನಾವು ವಾರಗಿತ್ತೀರಾದ್ರೂ ಒಂದಿನ ಜಗಳ ಆಡ್ದೋರಲ್ಲ." ನಾನೂ ತಲೆಯಾಡಿಸಿದೆ. ಶಭಾಷ್ ಎನ್ನುತ್ತಾಳೆ ಎಂದು ಕಾದೆ.

ಹುಡುಗಿ ಮೊದಲು ನಮಗಿಬ್ಬರಿಗೂ ಹೊಟ್ಟೆ ಉರಿ, ತಲೆ ಸುತ್ತು ಏನಾದರೂ ಆಯಿತೇ ಎಂದು ವಿಚಾರಿಸಿದಳು, ಬೀಪಿ ನೋಡಿದಳು. ಏನೂ ಆಗಿಲ್ಲ ಎಂದು ಗೊತ್ತಾದ ಮೇಲೆಯೇ ಕುರ್ಚಿಗೆ ಒರಗಿ ಹಣೆಯ ಮೇಲೆ ಕೈ ಇಟ್ಟುಕೊಂಡಳು. "ಆಂಟಿ, ನಮ್ಮನೇಲಿ ರೇಷ್ಮೆ ಹುರಿ ಹಾಕ್ತಾರೆ. ಎರಡು ಎಳೆ ಸೇರಿಸಿ ಹುರಿ ಹಾಕಿದ್ಮೇಲೆ ಇದರಲ್ಲಿ ಯಾವ ಎಳೆ ಗಟ್ಟಿ ಅಂತ ಕೇಳಿದ್ರೆ ನಮ್ಮಪ್ಪ ಏನ್ ಹೇಳ್ತಾರೆ? ಈಗ ನಿಮ್ಮಿಬ್ಬರಲ್ಲಿ ಯಾರಿಗೆ ಯಾವುದರಿಂದ ಗುಣ ಆಯ್ತು ಅಂತ ನಾನು ಹೇಗೆ ಹೇಳ್ಲಿ?" ಎಂದಳು. ಆಗ ನನಗೆ ಅರ್ಥವಾಯಿತು. ಉಪ್ಪಿನ ಪಾತ್ರೆ, ಸಪ್ಪೆ ಪಾತ್ರೆ ಎರಡನ್ನೂ ಒಂದೇ ಕೊಳಗಕ್ಕೆ ಸುರಿದು, ಈಗ ರುಚಿ ಹೇಳು ಎಂದು ಕೂತಿದ್ದೆ. ನೈವೇದ್ಯದ ಪಾಠ ಹೇಳಿಕೊಟ್ಟವಳು ನಾನೇ! ಇಬ್ಬರಿಗೂ ಇನ್ನು ಮಾತ್ರೆ ಇಲ್ಲ ಎಂದಳು. ಆದರೆ ನಡೆದದ್ದನ್ನು ನಡೆದ ಹಾಗೇ ಬರೆಯುವುದು ನಿಯಮ, ಕೊನೆಯ ತನಕ ಮಂಡಿ ತೋರಿಸಲು ಬರಬೇಕು, ಬರುತ್ತೀರಲ್ಲ ಎಂದು ಕೇಳಿದಳು. "ತಪ್ಪು ನಿಮ್ಮೊಬ್ಬರದ್ದಲ್ಲ ಆಂಟಿ. ನೀವಿಬ್ಬರೂ ಒಂದೇ ಮನೆಯವರಾ ಅಂತ ನಾನೂ ಕೇಳ್ಬೇಕಿತ್ತು."

ಬಸ್ಸಿನಲ್ಲಿ ಸೀಟು ಸಿಕ್ಕಿತು, ಅವತ್ತು ಕೈ ಮುಗಿಯುವುದು ಮರೆತೆ. ರತ್ನಕ್ಕನೂ ಮೆಲ್ಲಗೆ ಮಾತಾಡಿದರು, ಅದು ಬಲು ಅಪರೂಪ. "ಪಾಪ, ಆ ಹುಡ್ಗಿ ಓದು ಹಾಳಾಗ್ಬಿಡ್ತದೇನೇ?" ಮನೆಗೆ ಬಂದು ಕೆಂಪು ಕುರ್ಚಿಯಲ್ಲಿ ಕೂತು ವೆಂಕಟರಮಣನ ನೆತ್ತಿಗೆ ಹೇಳಿದೆ: ನನ್ನ ಮಂಡಿ ಹೇಗಾದರೂ ಇರಲಿ, ಆ ಮಗುವಿನ ಸ್ಟಡಿ ಉಳಿಸಪ್ಪ. ಹೇಳಿದ ಮೇಲೆ, ಮಂಡಿಯನ್ನೂ ಪೂರ್ತಿ ಮರೆಯಬೇಡ ಎಂದು ಸೇರಿಸಿದೆ. ದೇವರ ಹತ್ತಿರ ಮಾತು ಸ್ಪಷ್ಟವಾಗಿರಬೇಕು. ಅಲ್ಲಿಂದ ಮುಂದೆ ಒಂದು ಸಲವೂ ತಪ್ಪಿಸದೆ ಹೋದೆವು. ನೋವು ಎಷ್ಟು ಎಂದು ಕೇಳಿದರೆ ದೇವರಿಗೂ ಸಂಕೋಚಪಡದೆ ಇದ್ದಷ್ಟೇ ಹೇಳಿದೆ. ರತ್ನಕ್ಕನೂ ಹತ್ತರೊಳಗೆ ಇಳಿದರು.

ಸ್ಟಡಿ ಮುಗಿಯಿತು, ಯಾರ ಸೀಸೆಯಲ್ಲಿ ಏನಿತ್ತು ಎಂಬ ಗುಟ್ಟನ್ನು ಬಿಚ್ಚಿದರು ಎಂದು ಡಾಕ್ಟರಮ್ಮ ನಮ್ಮನ್ನು ಕರೆಸಿದಳು. ಮುಖದಲ್ಲಿ ನಗು ಇತ್ತು. ಅಷ್ಟೊಂದು ಜನರ ನಡುವೆ ನಮ್ಮಿಬ್ಬರ ಚಿತ್ರಾನ್ನದಿಂದ ಸ್ಟಡಿ ಮುಳುಗಲಿಲ್ಲವಂತೆ. ಇದ್ದದ್ದನ್ನು ಇದ್ದ ಹಾಗೆ ಬರೆದದ್ದಕ್ಕೆ ಪ್ರೊಫೆಸರು ಬೈಯಲಿಲ್ಲವಂತೆ, ನಕ್ಕರಂತೆ. ಈಗ ಆ ಆಸ್ಪತ್ರೆಯಲ್ಲಿ ಯಾವ ವಿಭಾಗದ ಸ್ಟಡಿಗೆ ಯಾರು ಸೇರಿದರೂ ಒಂದು ಹೊಸ ಪ್ರಶ್ನೆ ಕೇಳುತ್ತಾರೆ: ನಿಮ್ಮ ಅಕ್ಕ, ತಂಗಿ, ವಾರಗಿತ್ತಿ ಯಾರಾದರೂ ಇದಕ್ಕೆ ಸೇರಿದ್ದಾರಾ? ಹೃದಯದವರೂ ಕೇಳುತ್ತಾರೆ, ಕಣ್ಣಿನವರೂ ಕೇಳುತ್ತಾರೆ. ವೈದ್ಯಶಾಸ್ತ್ರಕ್ಕೆ ದೊಡ್ಡಬೆಳವಂಗಲದಿಂದ ಇಷ್ಟಾದರೂ ಸಂದಿತಲ್ಲ ಎಂದು ಅಲ್ಲೇ ಕೈ ಮುಗಿದೆ.

ಮುಗಿದ ಕೈ ಇಳಿಸುವ ಮೊದಲೇ ಡಾಕ್ಟರಮ್ಮ ಹೇಳಿದಳು, "ಸರೋಜ ಆಂಟಿ, ನಿಮಗೆ ಕೊಟ್ಟಿದ್ದ ಸೀಸೆಯಲ್ಲಿದ್ದದ್ದು ನಿಜವಾದ ಔಷಧಿ. ರತ್ನ ಆಂಟಿದು ಔಷಧಿ ಇಲ್ಲದ್ದು."

ಮುಗಿದ ಕೈ ತಾನಾಗಿಯೇ ಇಳಿಯಿತು. ಮೊದಲ ಒಂದೆರಡು ದಿನ ರತ್ನಕ್ಕನ ಮಂಡಿ ಹಗುರಾದದ್ದು ಶುದ್ಧ ಸಪ್ಪೆಯಿಂದ. ಅದನ್ನು ಕೇಳಿ ಧರ್ಮ ನೆನಪಿಸಿಕೊಂಡವಳು ನಾನು. ನನ್ನ ಕೈಯಾರೆ, ದೀಪ ಹಚ್ಚಿ, ನನ್ನ ಔಷಧಿಯ ಅರ್ಧ ತೆಗೆದು ಆಕೆಗೆ ಕೊಟ್ಟು, ಆಕೆಯ ಸಪ್ಪೆಯ ಅರ್ಧವನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ನುಂಗಿದ್ದೆ. ಈಗ ನೋಡಿದರೆ ರತ್ನಕ್ಕನ ಮಂಡಿ ನನ್ನದಕ್ಕಿಂತ ಚೆನ್ನಾಗಿದೆ. ಒಬ್ಬಿಬ್ಬರನ್ನು ನೋಡಿ ಔಷಧಿಯ ಗುಣ ಹೇಳಲು ಬರುವುದಿಲ್ಲ ಎಂದು ಡಾಕ್ಟರಮ್ಮ ಸಮಾಧಾನ ಮಾಡಿದಳು. ಅವಳ ಶಾಸ್ತ್ರಕ್ಕೆ ಬರುವುದಿಲ್ಲವೇನೋ, ನನ್ನ ಹೊಟ್ಟೆಯುರಿಗೆ ಒಬ್ಬರು ಸಾಕಾಗಿತ್ತು. ಹೊಟ್ಟೆಯ ವಿಭಾಗದವರು ಆಗ ಸಿಕ್ಕಿದ್ದರೆ ತಕ್ಷಣ ಸೇರಿಸಿಕೊಳ್ಳುತ್ತಿದ್ದರು.

ಈಗ ಕೆಂಪು ಕುರ್ಚಿ ಯಜಮಾನರ ಟೀವಿಯ ಮುಂದೆ ಹೋಗಿದೆ. ನಾನು ಮಣೆ ಹಾಕಿಕೊಂಡು ನೆಲದ ಮೇಲೆಯೇ ಕೂರುತ್ತೇನೆ, ವೆಂಕಟರಮಣನ ಮುಖ ಎದುರಿಗೇ ಕಾಣುತ್ತದೆ. ಪೂಜೆ ಮುಗಿದ ಮೇಲೆ ಏಳುತ್ತೇನೆ, ಸರಿಯಾಗಿ ಅರ್ಧ. ಅರ್ಧ ಔಷಧಿಗೆ ಅರ್ಧ ಏಳುವುದು, ದೇವರ ಅಳತೆಯಲ್ಲಿ ಮೋಸವಿಲ್ಲ. ಅಷ್ಟು ಹೊತ್ತಿಗೆ ಪ್ರಸಾದದ ಪಾಲಿಗೆ ರತ್ನಕ್ಕ ಬಂದಿರುತ್ತಾರೆ, ದಡದಡ ಹೆಜ್ಜೆ ಹಾಕಿಕೊಂಡು. ಬಗ್ಗಿ ನನ್ನ ತೋಳು ಹಿಡಿದು ಒಂದೇ ಸಲಕ್ಕೆ ಎತ್ತಿ ನಿಲ್ಲಿಸುತ್ತಾರೆ. ಮೊನ್ನೆ ಹಾಗೆ ಎತ್ತುವಾಗ, "ಯಾಕೇ ಮುಖ ಗಂಟು ಹಾಕ್ಕೊಂಡಿದ್ದೀಯಾ? ನಿನ್ ಔಷಧೀನೇ ಕಣೆ ನಿನ್ನ ಎತ್ತುತ್ತಿರೋದು!" ಎಂದರು. ನನಗೂ ನಗು ಬಂತು. ಆದರೂ ಪ್ರಸಾದದ ಹೋಳಿಗೆಯನ್ನು ಮುರಿದು ಎರಡು ಅಂಗೈಯಲ್ಲಿಟ್ಟು ತೂಗಿದಾಗ, ಆಕೆಯ ಕಡೆಯದೇ ಒಂದು ಚೂರು ಭಾರ ಎನಿಸಿತು. ಚಿಟಿಕೆ ಹೂರಣ ತೆಗೆದು ನನ್ನ ಬಾಯಿಗೆ ಹಾಕಿಕೊಂಡೆ.