ಪಾಳಿ ತಪ್ಪಿಸದ ಚೀಟಿ ಮಾಸ್ತರ

ಲಾರಿ ಆಫೀಸಿನಲ್ಲಿ ಕೂತವನು ದಿನಕ್ಕೊಮ್ಮೆಯಾದರೂ ಬಾಯಿ ತೆರೆದು ಕೂಡಲೇಬೇಕು. ಕೆಲವು ಸಲ ಆಕಳಿಕೆಗೆ, ಬಹಳ ಸಲ ಗಾಬರಿಗೆ. ಇದು ಸಾವಿರದ ಒಂಬೈನೂರ ಅರವತ್ತರ ಆಚೀಚೆಯ ಮಾತು. ವಿಜಯಪುರಕ್ಕೆ ಆಗ ಎಲ್ಲರೂ ಬಿಜಾಪುರ ಅನ್ನುತ್ತಿದ್ದರು. ಅಲ್ಲಿಯ ಸ್ಟೇಷನ್ ರಸ್ತೆಯ ಒಂದು ಲಾರಿ ಆಫೀಸಿನಲ್ಲಿ ನಾನು ಗುಮಾಸ್ತ. ಯಾವ ಲಾರಿ, ಯಾರ ಮಾಲು, ಯಾವ ಊರು, ಯಾವ ಡ್ರೈವರ್ ಎಂದು ಚೀಟಿ ಬರೆದು ಕೊಡುವುದು ನನ್ನ ಕೆಲಸ. ನನ್ನ ಚೀಟಿ ಇಲ್ಲದೆ ಗಾಲಿ ಉರುಳುವಂತಿರಲಿಲ್ಲ. ಹೀಗಾಗಿ ಊರಿಗೆಲ್ಲ ನಾನು ಚೀಟಿ ಮಾಸ್ತರ.

ಕೆಲಸಕ್ಕೆ ಸೇರಿದ ದಿನ ಸಾವಕಾರರು, ಅಂದರೆ ಆ ಐದು ಲಾರಿಗಳ ಮಾಲಕರು, ಒಂದೇ ಒಂದು ಕರಾರು ಹಾಕಿದ್ದರು.

"ನೋಡಪಾ, ಲಾರಿ ಕಡಿಮಿ, ಮಂದಿ ಭಾಳ. ಯಾರ ಪಾಳಿ ಮದಲ ಐತಿ ಅವರಿಗೆ ಮದಲ ಲಾರಿ. ನಿನ್ನ ಅಳಿಯಾ ಬರ್ಲಿ, ಮಾಮಲೇದಾರ ಬರ್ಲಿ, ಪಾಳಿ ತಪ್ಪಿಸಿದಿ ಅಂದ್ರ ಅವತ್ತ ನಿನ್ನ ನೌಕರಿ ಹೋತು ಅಂತ ತಿಳಕೋ."

ಮನೆಯಲ್ಲಿ ಉಣ್ಣುವ ಬಾಯಿ ಆರು, ದುಡಿಯುವವನು ನಾನೊಬ್ಬನೇ. ಆಗಲಿ ಎಂದು ತಲೆ ಅಲ್ಲಾಡಿಸಿದೆ. ನ್ಯಾಯದಿಂದ ಇರುವುದು ಇಷ್ಟು ಸುಲಭವೇ ಎಂದು ಒಳಗೊಳಗೇ ಹಿಗ್ಗಿದೆ ಕೂಡ. ಆ ಹಿಗ್ಗು ಒಂದು ವಾರ ಬಾಳಲಿಲ್ಲ.

ದಬ್ಬಣದ ಪರೀಕ್ಷೆ

ನಿದ್ದೆಗೆಟ್ಟ ಡ್ರೈವರನಿಗೆ ಚೀಟಿ ಕೊಡಬಾರದೆಂದು ನಾನೇ ಒಂದು ನಿಯಮ ಮಾಡಿಕೊಂಡಿದ್ದೆ. ಆದರೆ ಯಾವ ಡ್ರೈವರ್ ತಾನೇ "ನನಗ ನಿದ್ದಿ ಬಂದೈತಿ" ಅನ್ನುತ್ತಾನೆ? ಕಣ್ಣು ಕೆಂಡದಂತೆ ಕೆಂಪಾಗಿದ್ದರೂ "ಧೂಳ ಬಿದ್ದೈತ್ರಿ" ಅನ್ನುವ ಜನ ಅವರು. ಅದಕ್ಕೊಂದು ಉಪಾಯ ಹೂಡಿದೆ. ಚೀಲ ಹೊಲಿಯುವ ದಬ್ಬಣವನ್ನೂ ಒಂದು ತುಂಡು ಸುತಳಿಯನ್ನೂ ಮೇಜಿನ ಮೇಲೆ ಇಟ್ಟುಕೊಂಡೆ. ಚೀಟಿ ಬೇಕಾದವನು ನನ್ನೆದುರು ನಿಂತು ದಬ್ಬಣಕ್ಕೆ ಸುತಳಿ ಪೋಣಿಸಬೇಕು. ಒಂದೇ ಸಲಕ್ಕೆ ಪೋಣಿಸಿದರೆ ಲಾರಿ ಹತ್ತಬಹುದು, ಕೈ ತಪ್ಪಿದರೆ ಹೋಗಿ ಮಲಗಬೇಕು.

"ನಾವು ಲಾರಿ ಹೊಡೀಬೇಕೋ, ಕೌದಿ ಹೊಲೀಬೇಕೋ?" ಎಂದು ಡ್ರೈವರುಗಳು ಬೈದರು. ಜಪ್ಪಯ್ಯ ಅಂದರೂ ನಾನು ಬಗ್ಗಲಿಲ್ಲ.

ಅವರಲ್ಲಿ ಒಬ್ಬ ಮುದಿ ಡ್ರೈವರ್ ಇದ್ದ. ಸೊಲ್ಲಾಪುರಕ್ಕೆ ಹೋಗಿ ಬಂದು, ಬಂದ ಕಾಲಲ್ಲೇ ಬಾಗಲಕೋಟೆಗೆ ಹೋಗಿ ಬಂದರೂ ಆತ ಒಂದು ಸಲವೂ ತಪ್ಪಿದವನಲ್ಲ. ದಬ್ಬಣ ಎತ್ತಿದ, ಸುತಳಿ ತೂರಿಸಿದ, ಮುಗಿಯಿತು. "ಅವನ್ನ ನೋಡಿ ಕಲೀರ್ಲೇ" ಎಂದು ಹುಡುಗರಿಗೆಲ್ಲ ಉಪದೇಶ ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಆತ ಬಂದ, ಎಂದಿನಂತೆ ಪೋಣಿಸಿದ. ನಾನು ಚೀಟಿ ಬರೆದು ಕೈ ಚಾಚಿದೆ. ತಗೊಳ್ಳಲಿಲ್ಲ. "ಹಿಡಿಯೋ ಮಾರಾಯಾ" ಅಂದೆ. ಉತ್ತರವಾಗಿ ಗೊರಕೆ ಕೇಳಿಸಿತು. ಎದ್ದು ಮುಖ ನೋಡುತ್ತೇನೆ, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿವೆ! ಕೈಯಲ್ಲಿ ದಬ್ಬಣ, ದಬ್ಬಣದಲ್ಲಿ ಸುತಳಿ. ಚಾಚಿದ ಚೀಟಿಯನ್ನು ಹಿಂದಕ್ಕೆಳೆದುಕೊಂಡೆ. ಎಷ್ಟು ಸಲ ಈ ಮನುಷ್ಯನನ್ನು ಹೀಗೇ ರಸ್ತೆಗೆ ಬಿಟ್ಟಿದ್ದೆನೋ ದೇವರಿಗೇ ಗೊತ್ತು.

ಬಾಗಿಲಲ್ಲಿ ನಿಂತಿದ್ದ ಹಮಾಲನಿಗೆ ಮಾತ್ರ ಏನೂ ಅನ್ನಿಸಿರಲಿಲ್ಲ.

"ಯಾಕ ಗಾಬರಿ ಆಗ್ತೀರಿ ಮಾಸ್ತರ? ಡ್ರೈವರ್ ಆಗೂಕಿಂತ ಮದಲ ಅಂವಾ ಹನ್ನೆರಡ ವರ್ಷ ಅಡತಿ ಅಂಗಡ್ಯಾಗ ಚೀಲ ಹೊಲದಾನ. ಎಚ್ಚರ ಇದ್ದಾಗ ಒಮ್ಮೊಮ್ಮೆ ತಪ್ಪತಾನ, ನಿದ್ದಿ ಹತ್ತಿದ ಮ್ಯಾಲ ಮಾತ್ರ ಎಂದೂ ತಪ್ಪಂಗಿಲ್ಲ ನೋಡ್ರಿ."

ನಿಂಬೆಹಣ್ಣಿನ ಬುಟ್ಟಿ

ಜೋರಾಪುರ ಪೇಟೆಯಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ವ್ಯಾಪಾರಿಯೊಬ್ಬರಿಗೆ ಪಾಳಿ ಅಂದರೆ ಮೈ ಉರಿಯುತ್ತಿತ್ತು. ನನ್ನ ಹತ್ತಿರ ವಾದ ಮಾಡಿ ಸಾಕಾದ ಮೇಲೆ ಅವರು ಬೇರೆ ದಾರಿ ಹಿಡಿದರು. ಒಂದು ಸಂಜೆ ನಾನು ಮನೆಗೆ ಹೋಗುವಷ್ಟರಲ್ಲಿ ಅಡುಗೆಮನೆಯ ತುಂಬ ನಿಂಬೆಹಣ್ಣಿನ ವಾಸನೆ.

"ಪ್ಯಾಟಿ ಅಡತಿಯವ್ರು ಒಂದ ಬುಟ್ಟಿ ಕಳಿಸ್ಯಾರ. ನಾಳೆ ಅವ್ರ ಮಾಲು ಮದಲ ಹೋಗಬೇಕಂತ" ಎಂದಳು ಹೆಂಡತಿ, ಪಕ್ಕದ ಮನೆಯವರು ಮಜ್ಜಿಗೆ ಕೊಟ್ಟರು ಅನ್ನುವಷ್ಟು ಸಹಜವಾಗಿ.

ನಾನು ಕೂಗಿಕೊಂಡೆ: "ಅಯ್ಯ ಇವಳ! ಲಂಚ ಅದು! ಮದಲ ತಿರುಗಿ ಕಳಸು."

"ಬುಟ್ಟಿ ಬೇಕಂದ್ರ ಕಳಸ್ತೇನಿ. ಹಣ್ಣ ಎಲ್ಲಿಂದ ತರ್ಲಿ? ಹೆಚ್ಚಿ ಉಪ್ಪ ಹಾಕೇನಿ."

ಆ ರಾತ್ರಿ ನಾನು ಉಣ್ಣಲಿಲ್ಲ. ಮುಂಜಾನೆ ಎದ್ದವನೇ ಉಪ್ಪಿನಕಾಯಿಯ ಭರಣಿಯನ್ನು ಹೆಗಲ ಮೇಲೆ ಹೊತ್ತು ಜೋರಾಪುರ ಪೇಟೆಗೆ ನಡೆದೆ. ದಾರಿಯುದ್ದಕ್ಕೂ ಜನ "ಎಷ್ಟಕ್ಕ ಕೊಡ್ತೀರಿ?" ಎಂದು ಕೇಳಿದರು. ಅಂಗಡಿಯ ಗಾದಿಯ ಮೇಲೆ ಹತ್ತು ಜನರ ಎದುರಿಗೆ ಭರಣಿ ಇಳಿಸಿ, "ನಿಮ್ಮ ಹಣ್ಣ ನಿಮಗ. ನಿಮ್ಮ ಪಾಳಿ ಬಂದಾಗ ನಿಮ್ಮ ಲಾರಿ" ಎಂದೆ. ವ್ಯಾಪಾರಿ ಭರಣಿಯನ್ನೂ ನನ್ನನ್ನೂ ಮಿಕಿಮಿಕಿ ನೋಡಿದರು. ಇನ್ನು ಈ ಮನುಷ್ಯ ನನ್ನ ಸುದ್ದಿಗೆ ಬರುವುದಿಲ್ಲ ಎಂದುಕೊಂಡು ಎದೆ ಉಬ್ಬಿಸಿ ಬಂದೆ.

ಒಂದು ತಿಂಗಳ ಮೇಲೆ ಮನೆಯ ಮುಂದೆ ಚಕ್ಕಡಿ ನಿಂತಿತ್ತು. ಅದರಲ್ಲಿ ಮೂರು ಬುಟ್ಟಿ ನಿಂಬೆಹಣ್ಣು, ನೆಕ್ಕಿ ಬರಿದು ಮಾಡಿದ ನಮ್ಮ ಭರಣಿ, ಜೊತೆಗೆ ಇನ್ನೊಂದು ಖಾಲಿ ಭರಣಿ. ನಾನು ಕಿರುಚುವುದಕ್ಕೆ ಮೊದಲೇ ಗಾಡಿಯವನು ಕೈ ಮುಗಿದ.

"ಲಾರಿ ನಿಮ್ಮ ಪಾಳಿ ಪ್ರಕಾರನ ಬರ್ಲಿ ಅಂದಾರ್ರಿ ಅಡತಿಯವ್ರು. ಉಪ್ಪಿನಕಾಯಿ ಮಾತ್ರ ಊರಾಗ ಎಲ್ಲಾರಕಿಂತ ಮದಲ ಅವ್ರದ ಹಾಕಬೇಕಂತ."

ರೊಟ್ಟಿಯ ಮಾಲಕರು

ಮಾಲಿನ ಲಾರಿಯಲ್ಲಿ ಮಂದಿಯನ್ನು ಹೇರಬಾರದು. ಇದು ಸರಕಾರದ ಕಾಯದೆ, ನನ್ನದೂ ಹೌದು. ಲಾರಿ ಮಗುಚಿದರೆ ಚೀಲ ಹರಿಯುತ್ತದೆ, ಹೊಲಿಯಬಹುದು, ಮನುಷ್ಯರನ್ನು ಹೊಲಿಯಲಾಗುವುದಿಲ್ಲ. ಮಾಲಿನ ಮಾಲಕ ಮಾತ್ರ ಮಾಲಿನ ಜೊತೆ ಹೋಗಬಹುದು ಎಂದು ನಮ್ಮಲ್ಲಿ ರೂಢಿ ಇತ್ತು.

ಒಂದು ದಿನ ಟಿಕೋಟಾಕ್ಕೆ ಒಂದು ಚೀಲ ಮಾಲು ಎಂದು ಯಾರೋ ಹೆಸರು ಹಚ್ಚಿ ಹೋಗಿದ್ದರು. ಟಿಕೋಟಾಕ್ಕೆ ಖಾಲಿ ಹೋಗುವ ಲಾರಿ ಇತ್ತು, ಚೀಟಿ ಬರೆದೆ. ಹೊರಗೆ ಬಂದು ನೋಡಿದರೆ ಲಾರಿಯ ತುಂಬ ಇಳಕಲ್ಲ ಸೀರೆ! ಮೂವತ್ತು ಮೂವತ್ತೈದು ಹೆಣ್ಣುಮಕ್ಕಳು, ನಟ್ಟನಡುವೆ ಒಂದು ಚೀಲ, ಚೀಲದ ಮೇಲೆ ಒಬ್ಬ ಅಜ್ಜಿ. ಟಿಕೋಟಾದಲ್ಲಿ ಅಜ್ಜಿಯ ಮೊಮ್ಮಗಳಿಗೆ ಕುಬಸ, ಬಸುರಿಗೆ ಮಾಡುವ ಸಂಭ್ರಮ. ಹಾಡು ಆಗಲೇ ಶುರುವಾಗಿತ್ತು.

"ಯವ್ವಾ, ಇದು ಮಾಲಿನ ಲಾರಿ. ಎಲ್ಲಾರೂ ಇಳೀರಿ. ಮಾಲಕರು ಒಬ್ಬರ ಕೂಡ್ರಿ."

"ನಾವೆಲ್ಲಾರೂ ಮಾಲಕರ ಅದೀವಪಾ" ಎಂದಳು ಅಜ್ಜಿ.

"ಒಂದ ಚೀಲಕ್ಕ ಎಷ್ಟು ಮಂದಿ ಮಾಲಕರು?"

"ಇದರಾಗ ಸಜ್ಜಿ ರೊಟ್ಟಿ ಅದಾವ. ಒಬ್ಬೊಬ್ಬಾಕಿ ಐದೈದು ಬಡದಾಳ. ನನ್ನ ರೊಟ್ಟಿ ಲಾರ್ಯಾಗ ಬಿಟ್ಟು ನಾ ಹೆಂಗ ಇಳೀಲಿ? ಆಕಿ ಹೆಂಗ ಇಳದಾಳು? ಇಳಸಬೇಕಂದ್ರ ಯಾರ ರೊಟ್ಟಿ ಯಾವುವು ಅಂತ ನೀನ ಆರಿಸಿ ಕೊಡು."

ಇಷ್ಟು ಚೊಕ್ಕ ವಾದವನ್ನು ನಾನು ಕೋರ್ಟಿನಲ್ಲೂ ಕೇಳಿರಲಿಲ್ಲ. ಆದರೂ ಚೀಟಿ ಹರಿದು ಹಾಕಿದೆ. ಬೈಸಿಕೊಂಡು, ಕೈ ಮುಗಿದು, ಒಬ್ಬೊಬ್ಬರನ್ನೇ ಇಳಿಸಿ, ಚೀಲವನ್ನು ನಾನೇ ಹೊತ್ತು ಎಲ್ಲರನ್ನೂ ಟಿಕೋಟಾ ಬಸ್ಸಿಗೆ ಹತ್ತಿಸಿದೆ. ಬಸ್ಸು ಹೊರಡುವಾಗ ಅಜ್ಜಿ ಕಿಟಕಿಯಿಂದ ಎರಡು ರೊಟ್ಟಿ ಚಾಚಿದಳು.

"ತಗೋಪಾ. ಈಗ ನೀನೂ ಮಾಲಕ ಆದಿ. ಈ ಮಾತು ಆಗಲೇ ಹೊಳದಿದ್ರ ನಿನ್ನೂ ಲಾರ್ಯಾಗ ಹತ್ತಿಸಿಕೊಂಡ ಹೋಗ್ತಿದ್ವಿ ನೋಡು."

ಸಾವಕಾರರ ಪಾಳಿ

ಜೋಳದ ಸುಗ್ಗಿಯಲ್ಲಿ ನಮ್ಮ ಆಫೀಸಿನ ಮುಂದೆ ಮನುಷ್ಯರು ನಿಲ್ಲುತ್ತಿರಲಿಲ್ಲ, ಚಪ್ಪಲಿಗಳು ನಿಲ್ಲುತ್ತಿದ್ದವು. ಲಾರಿ ಬೇಕಾದವನು ತನ್ನ ಒಂದು ಚಪ್ಪಲಿಯನ್ನು ಸಾಲಿನಲ್ಲಿ ಬಿಟ್ಟು ಚಹಾ ಕುಡಿಯಲು ಹೋಗುತ್ತಿದ್ದ. ಎರಡೂ ಬಿಟ್ಟರೆ ಕಳವಾಗುತ್ತವೆ, ಒಂದನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ. ಸ್ಟೇಷನ್ ರಸ್ತೆಯಲ್ಲಿ ಒಂದು ಕಾಲು ಬರಿದಾಗಿ ನಡೆಯುವವನನ್ನು ಕಂಡರೆ ನಮ್ಮ ಗಿರಾಕಿ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ಆ ವರ್ಷ ಸುಗ್ಗಿಯ ನಡುವೆಯೇ ಸಾವಕಾರರ ಮಗಳ ಮದುವೆ ಬಂತು. ಗಂಡಿನ ಊರು ಬಬಲೇಶ್ವರ, ಮದುವೆಯೂ ಅಲ್ಲೇ. ಹಿಂದಿನ ದಿನ ಮುಂಜಾನೆ ಸಾವಕಾರರು ಹೊಳೆಯುವ ಹೊಸ ಕೊಲ್ಹಾಪುರಿ ಚಪ್ಪಲಿ ಮೆಟ್ಟಿ ಬಂದರು. ಹಂಡೆ, ಗಾದಿ, ಮಂಚ, ಹೋಳಿಗೆಯ ಬುಟ್ಟಿ ಎಲ್ಲ ಹೋಗಬೇಕು.

"ಈಗ ಬಂದ ಲಾರಿ ಬಬಲೇಶ್ವರಕ್ಕ ಬಿಡು" ಅಂದರು.

ಸಾಲಿನಲ್ಲಿ ಏಳು ಚಪ್ಪಲಿ ಇದ್ದವು. ಮೊದಲನೆಯದು ಉಂಗುಟ ಹರಿದು ತಂತಿ ಬಿಗಿದ ಒಂದು ಹಳೆಯ ಚಪ್ಪಲಿ. ಟಿಕೋಟಾ ಕಡೆಯ ಬೇರೊಬ್ಬ ಮುದುಕಿಯದು. ಅವಳ ಜೋಳ ಹೊಲದಲ್ಲಿ ಬಯಲಿಗೆ ಬಿದ್ದಿತ್ತು, ಮೇಲೆ ಅಕಾಲದ ಮೋಡ ಕಟ್ಟಿತ್ತು. ನಾನು ಆ ಚಪ್ಪಲಿಯ ಕಡೆ ಕೈ ತೋರಿಸಿದೆ.

"ಸಾವಕಾರ್ರ, ಪಾಳಿ ಆ ಅಜ್ಜೀದೈತ್ರಿ."

"ಲಾರಿ ಯಾರದು?"

"ನಿಮ್ಮದ್ರಿ. ಪಾಳಿ ಆಕಿದ್ರಿ."

ಎದುರಿನ ಚಹಾದಂಗಡಿಯ ಮಂದಿ ಕಪ್ಪು ಬಸಿ ಹಿಡಿದುಕೊಂಡೇ ಹೊರಗೆ ಬಂದರು. ಸಾವಕಾರರ ಮುಖ ಕೆಂಪಾಯಿತು. "ಹಂಗಾರ ನಾಳಿಂದ ನೀ ಬರಬ್ಯಾಡ!" ಅಂದರು. ಕಣ್ಣ ಮುಂದೆ ನಮ್ಮ ಮನೆಯ ಆರು ತಾಟು ಸಾಲಾಗಿ ಬಂದವು. ಆದರೂ ಬಾಯಿ ಯಾರದೋ ಎಂಬಂತೆ ಮಾತಾಡಿತು.

"ಆಗ್ಲಿ ಬಿಡ್ರಿ. ಆದ್ರ ಇವತ್ತಿನ ಮಟ ನನ್ನ ನೌಕರಿ ಐತಲ್ರಿ. ಇವತ್ತಿನ ಪಾಳಿ ನಾನ ನೋಡ್ತೇನಿ."

ಸಾವಕಾರರು ನನ್ನನ್ನು ನುಂಗುವಂತೆ ನೋಡಿದರು. ಆಮೇಲೆ ಬಗ್ಗಿ, ಬಲಗಾಲಿನ ಕೊಲ್ಹಾಪುರಿಯನ್ನು ಕಿತ್ತು ಎಂಟನೆಯದಾಗಿ ಇಟ್ಟು, ಒಂದೇ ಚಪ್ಪಲಿಯಲ್ಲಿ ಟಪ್ ಟಪ್ ಎಂದು ನಡೆದು ಹೋದರು. ಮುದುಕಿಗೆ ಲಾರಿ ಹೋಯಿತು. ಮದುವೆಯ ಹಂಡೆಗಳು ದೀಪ ಹಚ್ಚುವ ಹೊತ್ತಿಗೆ ಬಬಲೇಶ್ವರದ ದಾರಿ ಹಿಡಿದವು. ಅಷ್ಟರಲ್ಲಿ ಸಾಮಾನು ಯಾಕೆ ಬರಲಿಲ್ಲ ಎಂದು ವಿಚಾರಿಸಲು ಗಂಡಿನ ತಂದೆ ಬಸ್ಸು ಹತ್ತಿ ಬಂದು, ಬೀಗರನ್ನು ಒಂದು ಬರಿಗಾಲಲ್ಲಿ ಕಂಡು ಹೌಹಾರಿದ್ದರಂತೆ. ಮದುವೆ ಮುರಿದರೆ ಆ ಪಾಪ ನನ್ನ ತಲೆಗೆ ಎಂದು ನಾನು ದೇವರಿಗೆ ಕೈ ಮುಗಿದೆ. ಪುಣ್ಯಕ್ಕೆ ಮುರಿಯಲಿಲ್ಲ.

ಮರುದಿನ ನಾನು ಆಫೀಸಿಗೆ ಬಂದು ಸುಮ್ಮನೆ ಕುರ್ಚಿಯಲ್ಲಿ ಕೂತೆ. ನೌಕರಿ ಇದೆಯೋ ಹೋಯಿತೋ ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ನಾಲ್ಕು ದಿನ ಹೀಗೇ ಹೋಯಿತು. ಮದುವೆ ಮುಗಿಸಿ ಬಂದ ಮೇಲೂ ಸಾವಕಾರರು ಆಫೀಸಿಗೆ ಬರುತ್ತಿದ್ದರು, ನನ್ನ ಮುಖ ನೋಡದೆ ಹೋಗುತ್ತಿದ್ದರು.

ಐದನೆಯ ದಿನ ಬಬಲೇಶ್ವರದ ಬೀಗರು ಆಫೀಸಿಗೆ ಬಂದರು. ಸಾವಕಾರರು ಅಲ್ಲೇ ಕೂತಿದ್ದರು. ಬೀಗರು ನನ್ನ ಬೆನ್ನು ತಟ್ಟಿ ಊರಿಗೆಲ್ಲ ಕೇಳುವಂತೆ ಹೇಳಿದರು:

"ಭಲೆ ಮಾಸ್ತರ! ಮಾಲಕನ್ನ ಪಾಳಿಗೆ ನಿಲ್ಲಿಸಿದಾಂವಾ ನೀನೊಬ್ಬನ ನೋಡು. ನ್ಯಾಯ ಅಂದ್ರ ಹಿಂಗಿರಬೇಕು. ನಮ್ಮ ಜೋಳ ಎಲ್ಲಾ ಇನ್ನ ಮ್ಯಾಲ ನಿಮ್ಮ ಲಾರ್ಯಾಗನ ಹೋಗ್ತಾವ."

ನನ್ನ ಕಣ್ಣು ತುಂಬಿ ಬಂದವು. ಕೂಡಲೇ ಅವರು ಬಗ್ಗಿ ದನಿ ಇಳಿಸಿದರು.

"ಅಂದಂಗ, ಈಗ ನಾವು ಬೀಗರಾದ್ವಲ್ಲ. ಮುಂದ ನಿಂತ ಆ ಲಾರಿ ನನಗ ಬಿಟ್ಟಬಿಡು."

ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಉತ್ತರ ಸಾವಕಾರರ ಕಡೆಯಿಂದ ಬಂತು.

"ಬೀಗರ, ಹೊರಗ ಒಂದ ಚಪ್ಪಲಿ ಬಿಡ್ರಿ."

ಬೀಗರು ಗೆದ್ದವರಂತೆ ನಕ್ಕು ಕಾಲು ಮುಂದೆ ಮಾಡಿದರು. ಎರಡೂ ಬರಿಗಾಲು! "ಮಗನ ಮದವಿಗೆ ಹರಕಿ ಹೊತ್ತೇನಿ, ಐದು ವಾರ ಚಪ್ಪಲಿ ಮೆಟ್ಟೂಹಂಗಿಲ್ಲ. ಬಿಡಾಕ ಚಪ್ಪಲೀನ ಇಲ್ಲ, ನನಗೆಲ್ಲೀ ಪಾಳಿ? ಬರೀಪಾ ಮಾಸ್ತರ ಚೀಟಿ."

ಹೊರಗೆ ಹತ್ತು ಜನ ನನ್ನನ್ನೇ ನೋಡುತ್ತಿದ್ದರು. ಚಪ್ಪಲಿ ಇಲ್ಲದವನ ಪಾಳಿ ಹಚ್ಚುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಸಾವಕಾರರು ನಿಟ್ಟುಸಿರು ಬಿಟ್ಟು ಎದ್ದರು. ಬಗ್ಗಿ ಬಲಗಾಲಿನ ಕೊಲ್ಹಾಪುರಿ ಕಿತ್ತು, ಬೀಗರ ಹೆಸರಿನಲ್ಲಿ ಸಾಲಿನ ಕಟ್ಟಕಡೆಗೆ ಇಟ್ಟರು. ಮತ್ತೆ ಟಪ್ ಟಪ್ ಎಂದು ಹೊಸ್ತಿಲು ದಾಟುತ್ತ, ಐದು ದಿನಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದರು.

"ಮಾಸ್ತರ, ನಾಳೆ ಲಗೂನ ಬಾ. ನಾ ಎರಡೂ ಚಪ್ಪಲಿ ಮೆಟ್ಟಿ ಮನಿಗೆ ಹೋಗೂ ಪಾಳಿ ಯಾವಾಗ ಬರತೈತಿ, ಅದನ್ನಷ್ಟ ನೋಡಿ ಹೇಳು."