ಮೇಷ್ಟ್ರಿಗೆ ಇಲ್ಲದ ಅಣ್ಣ

ಜಗಳ ಶುರುವಾದದ್ದು ಒಂದೇ ಒಂದು ಪದದಿಂದ. ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದವನು ಸತ್ತವರನ್ನು ಕರೆದು ಮಾತಾಡಿಸುತ್ತಾನೆಂದು ಸುದ್ದಿಯಾಗಿತ್ತು. ಕೆಳಗಿನ ಅಂಗಡಿಯ ದರ್ಜಿ, "ಅವ್ನೊಬ್ಬ ಕ್ವ್ಯಾಕ್ ಕಣ್ರೀ" ಅಂದುಬಿಟ್ಟ.

ಪಕ್ಕದ ಮನೆಯ ಇಂಗ್ಲಿಷ್ ಮೇಷ್ಟ್ರಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು. "ಕ್ವ್ಯಾಕ್ ಅಂದ್ರೆ ನಕಲಿ ಡಾಕ್ಟರು. ಇವನು ಯಾರಿಗೆ ಮಾತ್ರೆ ಕೊಟ್ಟ?"

"ಸರಿ, ಚೀಟ್ ಅನ್ನಿ."

"ಚೀಟ್ ಅಂದ್ರೆ ಇಸ್ಪೀಟಲ್ಲಿ ಎಲೆ ಬಚ್ಚಿಡೋನು. ಇಲ್ಲದ ವಿದ್ಯೆ ಇದೆ ಅಂತ ಮೆರೆಯೋನು ಶಾರ್ಲಟನ್."

"ನಮಗೆ ಎಲ್ಲಾ ಒಂದೇ ಸಾರ್, ಟೋಪಿ ಹಾಕೋರು. ಅಷ್ಟು ಗೊತ್ತಿದ್ರೆ ಮೇಲೆ ಹೋಗಿ ಹಿಡ್ಕೊಡಿ ನೋಡೋಣ."

ಮೇಷ್ಟ್ರು ಹೊರಟೇಬಿಟ್ಟರು. ಹಿಂದೆ ದರ್ಜಿ. ಅವನ ಹಿಂದೆ, "ಏನೋ ಅದು ಗಲಾಟೆ?" ಎನ್ನುತ್ತ ಮೇಷ್ಟ್ರ ವಯಸ್ಸಾದ ತಾಯಿ.

ಹೊರಗೆ ಸುಡು ಬಿಸಿಲು. ಒಳಗೆ ದಪ್ಪ ಪರದೆ, ಒಂದು ಮೇಣದಬತ್ತಿ. ನೆಲ ಹಾವಿನ ಮೈಯಂತೆ ತಣ್ಣಗಿತ್ತು. ಗೂಟಕ್ಕೆ ನೇತುಹಾಕಿದ ಕೋಟಿನಂತಿದ್ದ ಬಾಡಿಗೆಯವನು ಕಣ್ಣು ಮುಚ್ಚಿ ಕೇಳಿದ: "ಯಾರನ್ನ ಕರೀಲಿ?"

"ನಮ್ಮಣ್ಣನ್ನ," ಎಂದರು ಮೇಷ್ಟ್ರು. ಅಣ್ಣನೆಂಬುವವನು ಅವರಿಗೆ ಇರಲೇ ಇಲ್ಲ. ದರ್ಜಿಗೆ ಕಣ್ಣು ಹೊಡೆದರು.

ಮೇಣದಬತ್ತಿ ಆರಿತು. ಮೂಲೆಯಿಂದ ಪುಟ್ಟ ಮಗುವಿನ ದನಿ ಬಂತು: "ತಮ್ಮಾ..."

"ಸಿಕ್ಕಿಬಿದ್ದ!" ಮೇಷ್ಟ್ರು ಕುಣಿದರು. "ನನಗೆ ಅಣ್ಣನೇ ಇಲ್ಲ! ಇವನು ಇಂಪೋಸ್ಟರ್! ದರ್ಜಿ, ಸರಿಯಾಗಿ ಕೇಳಿಸ್ಕೊ, ಇನ್ನೊಬ್ಬರ ಹೆಸರು ಹೊತ್ಕೊಂಡು ತಿರುಗೋನು ಇಂಪೋಸ್ಟರ್!"

"ಸಾರ್," ಬಾಡಿಗೆಯವನ ಹಲ್ಲು ಕಟಕಟ ಎನ್ನುತ್ತಿತ್ತು, "ನಾನಿನ್ನೂ ಬಾಯೇ ತೆಗ್ದಿಲ್ಲ." ಹಾಗೆಂದವನೇ ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಓಡಿದ.

ಅವನು ತೆರೆದುಬಿಟ್ಟ ಬಾಗಿಲಿಂದ ಕೋಣೆಗೆ ಒಂದಿಷ್ಟು ಬೆಳಕು ಬಿತ್ತು. ತಾಯಿ ಗೋಡೆಗೆ ಒರಗಿ ಕುಸಿದು ಕೂತರು.

"ಇದ್ದ ಕಣಪ್ಪ. ನೀನು ಹುಟ್ಟೋಕೆ ಮುಂಚೆ. ಇನ್ನೂ ಸರಿಯಾಗಿ ಮಾತು ಕಲಿತಿರ್ಲಿಲ್ಲ, ಜ್ವರ ಬಂದು ಹೋಗ್ಬಿಟ್ಟ. ಅವನ ಹೆಸರು ಕರೀದೆ ಇರೋಕೆ ನನ್ನ ಕೈಲಾಗ್ಲಿಲ್ಲ... ಅದನ್ನೇ ನಿನಗಿಟ್ವಿ."

ದರ್ಜಿ ಮೇಷ್ಟ್ರ ಮುಖವನ್ನೇ ನೋಡಿದ. "ಹಂಗಾದ್ರೆ ಸಾರ್, ಆ ಇಂಪೋಸ್ಟ..." ಎಂದವನು ಮಿಕ್ಕದ್ದನ್ನು ನುಂಗಿಕೊಂಡ.

ಮೇಷ್ಟ್ರು ಬಗ್ಗಿ ತಾಯಿಯ ತೋಳು ಹಿಡಿದರು. "ಏಳಮ್ಮ, ಮನೆಗೆ ಹೋಗೋಣ."

ತಾಯಿ ಏಳಲಿಲ್ಲ. ಆ ಕತ್ತಲ ಮೂಲೆಯ ಕಡೆಗೆ ಎರಡೂ ಕೈ ಚಾಚಿ, ಮೇಷ್ಟ್ರು ಎಂದೂ ಕೇಳದಿದ್ದ ಮೆತ್ತನೆಯ ದನಿಯಲ್ಲಿ ಅವರದೇ ಹೆಸರು ಹಿಡಿದು ಕರೆದರು.

"ಏನಮ್ಮಾ?" ಎಂದರು ಮೇಷ್ಟ್ರು.

"ನಿನ್ನನ್ನಲ್ಲ ಕಣೋ," ಎಂದರು ತಾಯಿ. "ಸುಮ್ನಿರು."