ಮಿರ್ಚಿ ಬಂಡಿಯ ತಪ್ಪೊಪ್ಪಿಗೆ

ಕುಷ್ಟಗಿ ಬಸ್‌ಸ್ಟ್ಯಾಂಡ್ ಎದುರು ಮೂರು ಮಿರ್ಚಿ ಬಂಡಿಗಳು: ಬಸವಕುಮಾರನದು, ಪಾರಮ್ಮನದು, ಶಬ್ಬೀರಸಾಬನದು. ದಿನಾ ಮೂವರೂ ಕೂಡಿ ಚಹಾ ಕುಡಿದು, 'ಪ್ಲೇಟಿಗೆ ನಲವತ್ತು' ಎಂದು ಮಾತಾಡಿಕೊಂಡೇ ಒಲೆ ಹಚ್ಚುವುದು. ಹನ್ನೆರಡು ವರ್ಷದಿಂದ ಅದನ್ನು ಯಾರೂ ತಪ್ಪು ಅಂದಿರಲಿಲ್ಲ.

ಅಂದು ಲಾ ಓದುವ ಅಮೃತಾ ಬಸವಕುಮಾರನ ಬಂಡಿ ಮುಂದೆ ಮಿರ್ಚಿ ಕಡಿಯುತ್ತ ಅಂದಳು: "ಅಣ್ಣಾರ, ಫೋನಿನೊಳಗಿನ ದೊಡ್ಡ ದೊಡ್ಡ ಕಂಪನಿಗಳಿಗೆ ಯುರೋಪಿನಾಗ ಸಾವಿರಾರು ಕೋಟಿ ದಂಡ ಹಾಕ್ಯಾರ. ನಮ್ಮ ದೇಶದಾಗೂ ಕಾನೂನು ಬಿಗಿ ಆಗೇತಿ. ವ್ಯಾಪಾರದವರು ಒಳಗೊಳಗ ಕೂಡಿ ರೇಟ್ ಕಟ್ಟಿದ್ರ, ಅವರ ಜಗತ್ತಿನಾಗಿನ ವ್ಯಾಪಾರ ಎಲ್ಲಾ ನೋಡಿ ದಂಡ."

ಬಸವಕುಮಾರನ ಕೈಯಲ್ಲಿದ್ದ ಸೌಟು ಎಣ್ಣೆಯ ಮೇಲೇ ನಿಂತಿತು. "ಚಾ ಕುಡಿಕೋಂತ ಮಾತಾಡಿದ್ರೂ?"

"ಹಂಗ ಮಾತಾಡೋದ ತಪ್ಪು. ಆದ್ರ ದಿಲ್ಲಿ ಆಯೋಗಕ್ಕ ಮೊದಲು ಬರದು ಒಪ್ಪಿಕೊಂಡವರಿಗೆ ಪೂರಾ ಮಾಫಿ ಆಗಬಹುದು. ಎರಡನೇದವರಿಗೆ ಅರ್ಧ. ಆಮ್ಯಾಲಿನವರಿಗೆ ಇನ್ನೂ ಕಮ್ಮಿ."

ಬಸವಕುಮಾರ ಸೌಟು ಕೆಳಗಿಟ್ಟ. ಸಮುದ್ರದಾಚೆಯ ಆನೆಗಳನ್ನು ಕಟ್ಟಿದ ಕಾನೂನು ಕುಷ್ಟಗಿಯ ಚಹಾ ಕಪ್ಪಿನೊಳಗೂ ಇಣುಕುತ್ತದೆ ಅಂದರೆ! ಆಕಾಶವೇ ತಗ್ಗಿ ಬಂದು ತನ್ನ ಕಡಾಯಿಯಲ್ಲಿ ಮುಖ ನೋಡಿಕೊಂಡಂತಾಯಿತು. ಹೋದ ವರ್ಷ ಯಲಬುರ್ಗಾದ ಮದುವೆಯಲ್ಲಿ ಕರಿದದ್ದೂ ಜಗತ್ತಿನ ವ್ಯಾಪಾರಕ್ಕೇ ಸೇರುತ್ತದೇನೋ. ಇದ್ದದ್ದೊಂದು ಬಂಡಿ, ಅದು ಹೋದರೆ ಮನೆಯ ಒಲೆಯೂ ಆರಿದ ಹಾಗೆ. ಮೊದಲಿಗನಾಗಲೇಬೇಕು.

"ಯಾಕಪಾ ಬಸು, ಗಿರಾಕಿ ಹೊತ್ತಿನಾಗ ಒಲಿ ಆರಿಸಿದಿ?" ಪಾರಮ್ಮ ಕೇಳಿದಳು.

"ಹೊಟ್ಟಿ ಸರಿ ಇಲ್ಲವ್ವ."

"ನಿನ್ನ ಮಿರ್ಚಿ ನೀನ ತಿಂದೇನು?"

ಬಸವಕುಮಾರ ಆಗಲೇ ಓಡುತ್ತಿದ್ದ. ತಹಸೀಲ್ದಾರ್ ಕಚೇರಿ ಮುಂದಿನ ಬೇವಿನ ಮರದಡಿ ಐವರು ಅರ್ಜಿ ಬರೆಯುವವರು ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದರು. ಮೊದಲಿಗೆ ಸಿಕ್ಕವನು ಹೈದರಸಾಬ.

"ಅರ್ಜಿಗೆ ನೂರು."

"ಐವತ್ತು ಮಾಡ್ರಿ ಚಾಚಾ."

"ಐದು ಮಂದಿದೂ ನೂರ ಐತಿ. ಎಲ್ಲಾರೂ ಕೂಡಿ ಮಾತಾಡೀವಿ."

ಬಸವಕುಮಾರ ಕತೆ ಹೇಳತೊಡಗಿದ. ಹೈದರಸಾಬನ ಬೆರಳುಗಳು ನಿಧಾನವಾಗಿ, ಕೊನೆಗೆ ನಿಂತೇಬಿಟ್ಟವು.

"ಕೂಡಿ ಮಾತಾಡಿದ್ರ ತಪ್ಪಾ?"

"ಜಗತ್ತಿನಾಗೆಲ್ಲಾ ತಪ್ಪಂತರಿ."

"ಮೊದಲು ಹೋದವಗ ಮಾಫಿ?"

"ಪೂರಾ."

ಹೈದರಸಾಬ ಕನ್ನಡಕ ತೆಗೆದು ಬೇವಿನ ಮರದ ತುದಿ ನೋಡಿದ. "ಎಂಥಾ ಕಾನೂನು ತಂದಾರಪ," ಎಂದು ಭಕ್ತಿಯಿಂದ ಅಂದು, ಬಸವಕುಮಾರನ ಹಾಳೆ ಸರಕ್ಕನೆ ಎಳೆದು ತನ್ನದೊಂದು ಹಾಳೆ ಏರಿಸಿದ. ಪಕ್ಕದವನ ಕಿವಿಗೂ ಬಿದ್ದಿತ್ತು, ಅವನ ಪಕ್ಕದವನಿಗೂ. ಐದೂ ಟೈಪ್‌ರೈಟರ್ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಬಡಿದುಕೊಂಡವು.

"ಚಾಚಾ, ನಂದು?"

"ತಡಿಯಪಾ. ಮೊದಲು ನಂದು."

ಐವರೂ ರಿಜಿಸ್ಟರ್ ಮಾಡಲು ಅಂಚೆ ಕಚೇರಿಗೆ ಓಡಿದರು. ಬಸವಕುಮಾರ ಬೇಡಿಕೊಳ್ಳುತ್ತ ಅವರ ಹಿಂದೆ ಹೋಗಿ, ಹಿಂದೆಯೇ ಬಂದ. ಅಷ್ಟರಲ್ಲಿ ಬೇವಿನ ಮರದಡಿ ಸಾಲು ನಿಂತಿತ್ತು. ಮುಂದೆ ಪಾರಮ್ಮ. ಅವಳ ಬೆನ್ನಿಗೆ ಶಬ್ಬೀರಸಾಬ.

"ಹೊಟ್ಟಿ ಹೆಂಗೈತಿ ಬಸು?" ಪಾರಮ್ಮ ತಿರುಗದೆಯೇ ಕೇಳಿದಳು. "ಅಮೃತಾ ಎರಡನೇ ಪ್ಲೇಟ್ ನನ್ನ ಬಂಡ್ಯಾಗ ತಿಂದ್ಲು."

ಮೂರನೆಯವನಾಗಿ ಬಸವಕುಮಾರ ನೂರರ ನೋಟು ಚಾಚಿದ.

"ಇನ್ನೂರು," ಅಂದ ಹೈದರಸಾಬ.

"ಆಗ್ಲೆ ನೂರ ಇತ್ತಲ್ರಿ ಚಾಚಾ?"

"ತಪ್ಪೊಪ್ಪಿಗಿ ಅರ್ಜಿಗೆ ರೇಟ್ ಬ್ಯಾರೆ." ಹೈದರಸಾಬ ಮೇಜಿನ ಮೇಲಿದ್ದ ಐದು ಖಾಲಿ ಚಹಾ ಕಪ್ಪುಗಳನ್ನು ಪಕ್ಕಕ್ಕೆ ಸರಿಸಿದ. "ಈಗಷ್ಟ ಐದೂ ಮಂದಿ ಕೂಡಿ ಮಾತಾಡಿದಿವಿ."